ಶಾಯಿ ಹತ್ತಿದ ಕೈ

ಗರ್ರ್, ಗರ್ರ್, ಟಕ್. ಆ ಕೊರೋನಾ ದಿನಗಳನ್ನು ನೆನೆದರೆ ಮೊದಲು ಕಿವಿಗೆ ಬರುವುದು ಮಗಳ ಮನೆಯ ಪ್ರಿಂಟರ್ ಸದ್ದು. ಮೂರು ತಿಂಗಳಿಗೆಂದು ಜಪಾನಿಗೆ, ಟೋಕಿಯೋ ಪಕ್ಕದ ಗ್ಯೋಟೋಕುವಿಗೆ ಹೋದವಳು, ವಿಮಾನಗಳು ನಿಂತು ಅಲ್ಲೇ ಉಳಿದಿದ್ದೆ. ಮೊಮ್ಮಗಳ ಶಾಲೆ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಹೊತ್ತು ಹೊತ್ತಿಗೂ ವರ್ಕ್‌ಶೀಟ್. ಇಂಕ್ ಕಾರ್ಟ್ರಿಜ್‌ಗಳು ಕಾಫಿಪುಡಿಗಿಂತ ಬೇಗ ಮುಗಿಯುತ್ತಿದ್ದವು.

ಒಂದು ಬೆಳಿಗ್ಗೆ ನಮ್ಮ ಕಸದ ಚೀಲ ಮಾತ್ರ ಲಾರಿ ಹತ್ತದೆ, ಕೆಂಪು ಚೀಟಿ ಅಂಟಿಸಿಕೊಂಡು ಕೂತಿತ್ತು. ಪ್ಲಾಸ್ಟಿಕ್ ಜೊತೆ ಕಾರ್ಟ್ರಿಜ್ ಬೆರೆಸಿದ್ದೆವು. ಆ ತಿಂಗಳು ಕಸದ ಜಾಗ ನೋಡಿಕೊಳ್ಳುವ ಸರದಿ ಕೆಳಗಿನ ಮನೆಯ ಹಿರಿಯಾಕೆಯದು. ನನ್ನದೇ ವಯಸ್ಸು, ಒಂಟಿ ವಾಸ. ಅವರು ಚೀಲವನ್ನು ಮೇಲೆ ಹೊತ್ತು ತಂದು, ತಪ್ಪು ತಮ್ಮದೇ ಎಂಬಂತೆ "ಸುಮಿಮಾಸೆನ್", ಕ್ಷಮಿಸಿ, ಎಂದು ಬಗ್ಗಿದರು. ಬೈದಿದ್ದರೆ ವಾಸಿಯಿತ್ತು.

"ಮೀಟಿಂಗ್ ಇದೆ ಅಮ್ಮ, ಆಮೇಲ್ ನೋಡ್ತೀನಿ," ಎಂದಳು ಮಗಳು.

"ನೀನೇನೂ ನೋಡ್ಬೇಡ. ಇವತ್ತಿಂದ ಕಸ ಈಸ್ ಮೈ ಡಿಪಾರ್ಟ್‌ಮೆಂಟ್."

ಕೆಳಗಿನ ಮನೆಯ ಆ ಹಿರಿಯಾಕೆಯ ಕಣ್ಣಲ್ಲಿ ನಾವು ಕೊಳಕು ಜನ ಆಗಬಾರದು. ನನಗೆ ಬೇಕಿದ್ದದ್ದು ಅಷ್ಟೇ.

ಅಲ್ಲಿ ಹಾಲಿನ ಪೆಟ್ಟಿಗೆ, ಮೊಸರಿನ ಡಬ್ಬಿ, ಎಲ್ಲವನ್ನೂ ತೊಳೆದು ಒಣಗಿಸಿಯೇ ಹೊರಗಿಡುವುದು. ಇದೂ ಹಾಗೇ ಇರಬೇಕೆಂದು, ಚೀಲದಿಂದ ಹೆಕ್ಕಿದ ಹನ್ನೊಂದು ಕಾರ್ಟ್ರಿಜ್‌ಗಳನ್ನು ಸಿಂಕಿಗೆ ಹಾಕಿ ನಲ್ಲಿ ಬಿಟ್ಟೆ. ನೀಲಿ, ಕೆಂಪು, ಕಪ್ಪು ಮೊಣಕೈವರೆಗೂ ಹರಿಯಿತು.

"ಅಜ್ಜಿ! ಯುವರ್ ಹ್ಯಾಂಡ್ಸ್! ಹೋಳಿ ಆಡಿದ್ರಾ?"

"ಬಾ ಸುಮ್ನೆ, ಕೆಳಗೆ ಹೋಗಿ ತೋರಿಸೋಣ."

ಒರೆಸಿ ಹೊಳೆಯಿಸಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಒಯ್ದೆ. ಹಿರಿಯಾಕೆ ತಟ್ಟೆ ತೆಗೆದುಕೊಂಡು ನನ್ನ ಕೈ ನೋಡಿದರು. ಚಿಕ್ಕಂದಿನಲ್ಲಿ ನಮ್ಮ ಕಾನ್ವೆಂಟಿನ ಸಿಸ್ಟರ್ ದಿನಾ ಅಸೆಂಬ್ಲಿಯಲ್ಲಿ ಅಂಗೈ ನೋಡುತ್ತಿದ್ದರು. ಇಂಕ್ ಕಂಡರೆ ಸ್ಕೇಲಿನ ಏಟು. ಇಷ್ಟು ವರ್ಷದ ಮೇಲೂ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಮಾಸ್ಕಿನ ಹಿಂದೆ ಅವರು ನಕ್ಕದ್ದು ಭುಜ ಕುಲುಕಿದ್ದರಿಂದ ತಿಳಿಯಿತು.

ಮೊಮ್ಮಗಳು ಮೆಟ್ಟಿಲ ಮೇಲೆ ನಿಂತು ನನಗೆ ದುಭಾಷಿಯಾದಳು. "ವಾಶ್ ಮಾಡ್ಬಾರ್ದಂತೆ ಅಜ್ಜಿ. ಚಿಪ್ ಹಾಳಾಗತ್ತೆ, ಮತ್ತೆ ಇಂಕ್ ತುಂಬಕ್ಕಾಗಲ್ಲ. ಇಂಕ್ ಬರೋ ಹೋಲ್‌ಗೆ ಟೇಪ್ ಹಾಕಿ, ಶಾಪಲ್ಲಿರೋ ಬಾಕ್ಸಿಗೆ ಹಾಕ್ಬೇಕು."

"ಹಾಗಾದ್ರೆ ಈ ಹನ್ನೊಂದು?"

ಕೇಳಿ ಬಂದಳು. "ವೆರಿ ಕ್ಲೀನ್ ಗಾರ್ಬೇಜ್ ಅಂತೆ."

ಮರುದಿನ ನಮ್ಮ ಬಾಗಿಲ ಹಿಡಿಗೆ ಒಂದು ಟೇಪ್ ಸುರುಳಿ ನೇತುಬಿದ್ದಿತ್ತು.

ಸ್ಟೇಷನ್ ಹತ್ತಿರದ ಅಂಗಡಿಯಲ್ಲಿದ್ದ ಆ ಡಬ್ಬಿಯ ಬಾಯಿಯನ್ನು ಸೋಂಕಿನ ಭಯಕ್ಕೆ ಮುಚ್ಚಿದ್ದರು. ತೆರೆಯುವವರೆಗೂ ಖಾಲಿಯಾದ ಕಾರ್ಟ್ರಿಜ್‌ಗಳಿಗೆ ಟೇಪ್ ಹಾಕಿ ಬಿಸ್ಕೆಟ್ ಟಿನ್ನಿನಲ್ಲಿ ಕೂಡಿಟ್ಟೆ. ಮೊಮ್ಮಗಳಿಗೆ ಲೆಕ್ಕಗಳನ್ನು ಸ್ಕ್ರೀನ್ ನೋಡಿ ಕೈಯಲ್ಲೇ ಬರೆದುಕೊಳ್ಳಲು ಹೇಳಿದೆ, ಗೊಣಗಿದಳು, ಬರೆದಳು. ಟಿನ್ ತುಂಬುವುದು ನಿಧಾನವಾಯಿತು. ಡಬ್ಬಿ ತೆರೆದ ದಿನ ನಾವಿಬ್ಬರು ಮುದುಕಿಯರು ಒಟ್ಟಿಗೆ ಹೋದೆವು, ಅವರು ಮುಂದೆ, ನಾಲ್ಕು ಹೆಜ್ಜೆ ಹಿಂದೆ ನಾನು. ಒಂದೊಂದಾಗಿ ಹಾಕಿದೆ. ಅವರು ಪ್ರತಿಯೊಂದರ ಟೇಪನ್ನೂ ಪರೀಕ್ಷಿಸಿದರು, ಮಹಾರಾಯಿತಿ!

ಕೊನೆಗೂ ವಿಮಾನ ಸಿಕ್ಕಿತು. ಹೊರಟ ಬೆಳಿಗ್ಗೆ ಅವರು ಕಸದ ಜಾಗದಲ್ಲಿ ಪೊರಕೆ ಹಿಡಿದು ನಿಂತಿದ್ದರು. ಪೊರಕೆಯನ್ನು ಗೋಡೆಗೆ ಒರಗಿಸಿ, ತಮ್ಮ ಎರಡೂ ಅಂಗೈಗಳನ್ನು ನನ್ನತ್ತ ಚಾಚಿದರು. ನಾನು ಬ್ಯಾಗ್ ಕೆಳಗಿಟ್ಟು ನನ್ನವನ್ನು ತೋರಿಸಿದೆ. ತಿರುಗಿಸು ಎಂದು ಸನ್ನೆ ಮಾಡಿದರು, ತಿರುಗಿಸಿದೆ. ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಬಗ್ಗಿದರು. ಟ್ಯಾಕ್ಸಿ ತಿರುವು ದಾಟುವವರೆಗೂ ಬಗ್ಗಿಯೇ ಇದ್ದರು.