ಸ್ಲೈಡು ಸರಿದರೂ ಕದಲದ ವೃತ್ತ

ಕಣ್ಣಿಗೆ ಕಾಣದ್ದನ್ನು ನಾನು ಎಂದೂ ನಂಬಿದವನಲ್ಲ. ಕಂಡದ್ದನ್ನು ಸಹ ಇನ್ನೊಮ್ಮೆ ಕಾಣುವವರೆಗೆ ನಂಬುತ್ತಿರಲಿಲ್ಲ. ದೆವ್ವದ ಕಾಟ, ದೇವರ ಅಪ್ಪಣೆ, ದೊಡ್ಡವರ ಊಹೆ ಎಲ್ಲವನ್ನೂ ಸಮನಾಗಿ ಸಂಶಯಿಸುವುದು ನನ್ನ ಹುಟ್ಟುಗುಣ. ಈ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಆದ್ದರಿಂದ ಓದುಗರು ನಕ್ಕರೂ ನನಗೆ ಬೇಸರವಿಲ್ಲ.

ಮನೆಮನೆಗೆ ಸೊಳ್ಳೆಯ ಔಷಧಿ ಹೊಡೆಯುವ ಕೆಲಸಕ್ಕೆ ಸೇರಿದ ನಾನು, ಹಳೆಯ ಪುಸ್ತಕಗಳನ್ನು ಒಬ್ಬನೇ ಓದಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಗುರುತಿಸುವುದನ್ನು ಕಲಿತವನು. ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳ ಪ್ರಯೋಗಾಲಯದ ಸಿಬ್ಬಂದಿಗೆ ಪಾಂಡವಪುರದಲ್ಲಿ ಆ ಕೆಲಸವನ್ನು ಕಲಿಸುತ್ತಿದ್ದೆ. ನನ್ನದೊಂದು ನಿಯಮವಿತ್ತು. ರಕ್ತದ ಲೇಪನದಲ್ಲಿ ಒಂದೇ ರೋಗಾಣು ಕಂಡರೆ ಸಾಲದು. ಅದು ಲೇಪನಕ್ಕೆ ಹಾಕಿದ ಬಣ್ಣದ ಕಸವೂ ಆಗಿರಬಹುದು. ಲೇಪನವಿರುವ ಗಾಜಿನ ಸ್ಲೈಡನ್ನು ಸರಿಸಿ, ಇನ್ನೊಂದು ಕಾಣುವವರೆಗೆ ಬಾಯಿ ಬಿಡಬಾರದು.

ಮಳೆಗಾಲದ ಒಂದು ಸಂಜೆ, ಮೇಲುಕೋಟೆಯ ಕಡೆಯ ನಿಂಗೇಗೌಡ ಎಂಬ ರೈತ ಜ್ವರದಿಂದ ಎಚ್ಚರ ತಪ್ಪಿದ್ದ ಮಗಳನ್ನು ಹೊತ್ತು ತಂದ. ಮಲೇರಿಯಾ ಆದರೆ ಇಲ್ಲಿಯೇ ಕ್ವಿನೈನ್, ಅಲ್ಲವಾದರೆ ಕೂಡಲೇ ಮೈಸೂರು ಎಂದರು ವೈದ್ಯರು. ಪ್ರಯಾಣವನ್ನು ಮಗು ತಾಳುವುದು ಅನುಮಾನ. ಬೇರೆ ಕಾಯಿಲೆಯಾಗಿದ್ದರೆ ಇಲ್ಲಿ ಉಳಿಯುವುದೂ ಅಪಾಯ. ಜೀಪು ಇಂಜಿನ್ ಆಫ್ ಮಾಡದೆ ಅಂಗಳದಲ್ಲಿ ಕಾಯುತ್ತಿತ್ತು.

ಕರೆಂಟು ಇರಲಿಲ್ಲ. ಮಗುವಿನ ರಕ್ತದ ಲೇಪನ ಮಾಡಿ, ಸೂಕ್ಷ್ಮದರ್ಶಕದ ಕನ್ನಡಿಗೆ ಕಿಟಕಿಯ ಬೆಳಕು ಹಿಡಿದು ನೋಡಿದೆ. ಬೆಳಗಿದ ವೃತ್ತದಲ್ಲಿ ಒಂದು ಬಿಳಿರಕ್ತಕಣ. ಅದರ ಪಕ್ಕದಲ್ಲಿ ಕೆಂಪು ಚುಕ್ಕೆ ಹೊತ್ತ ತೆಳುನೀಲಿ ಉಂಗುರ. ಅದೇ ರೋಗಾಣು. ಇನ್ನೊಂದಕ್ಕಾಗಿ ಸ್ಕ್ರೂ ತಿರುಗಿಸಿ ಸ್ಲೈಡು ಸರಿಸಿದೆ. ಅದೇ ಕಣ, ಅದೇ ಉಂಗುರ. ಮತ್ತಷ್ಟು ಸರಿಸಿದೆ. ಅದೇ. ತಲೆಯೆತ್ತಿದರೆ ಸ್ಲೈಡು ಸರಿದಿತ್ತು. ಕಣ್ಣಿಟ್ಟರೆ ವೃತ್ತ ಕದಲಿರಲಿಲ್ಲ. ಮಸೂರಗಳನ್ನು ಒರೆಸಿದೆ. ಬೇರೆ ರೋಗಿಯ ಸ್ಲೈಡನ್ನಿಟ್ಟೆ. ಕಣಗಳು ಎಂದಿನಂತೆ ಹರಿದುಹೋದವು. ಮಗುವಿನದನ್ನು ಮರಳಿ ಇಟ್ಟರೆ ಮತ್ತೆ ಅದೇ ಉಂಗುರ.

ತರಬೇತಿಗೆ ಬಂದಿದ್ದ ನಾಗಮಂಗಲದ ಜಯಮ್ಮನನ್ನು ಕೂರಿಸಿದೆ. ಕೆ.ಆರ್. ಪೇಟೆಯ ರಾಜಣ್ಣ ಛೇಡಿಸಿದ: "ಸ್ಕ್ರೂ ತಿರುಗ್ಸಕ್ಕ, ಜಪ ಮಾಡ್ತಾ ಕೂತ್ಬುಟ್ಯಲ್ಲ."

"ತಿರುಗಿಸ್ತಾನೇ ಇವ್ನಿ ಕಣ್ಲಾ. ನೀನೇ ಬಂದು ತಿರುಗ್ಸು, ನೋಡಾನ."

ಅವನು ತಿರುಗಿಸಿದ. ಅವನ ನಗು ನಿಂತಿತು. "ಇದ್ಯಾಕ್ ಸಾ ಇಂಗೆ?"

ಬಾಗಿಲಿಗೆ ಅಡ್ಡವಾಗಿ ನಿಂಗೇಗೌಡ ನಿಂತಿದ್ದ. "ಸಾ, ಮಗ್ಳು ಕಣ್ಣೇ ಬುಡ್ತಿಲ್ಲ. ಏನಾರ ಒಂದ್ ಏಳ್ಬುಡಿ."

ಹೇಳಲು ನಿಯಮ ಬಿಡುತ್ತಿರಲಿಲ್ಲ. ನಿಯಮ ಪಾಲಿಸಲು ಸ್ಲೈಡು ಬಿಡುತ್ತಿರಲಿಲ್ಲ. ಕಿಟಕಿಯ ಬೆಳಕು ಇಳಿಯುತ್ತಿತ್ತು. ಆ ಪುಟ್ಟ ವೃತ್ತದೊಳಗೆ ನನ್ನನ್ನು ಕೂಡಿ ಯಾರೋ ಹೊರಗಿನಿಂದ ಅಗುಳಿ ಹಾಕಿದಂತಿತ್ತು. ಸ್ಲೈಡನ್ನು ಅದರ ಅಂಚಿನವರೆಗೂ ನೂಕಿದೆ. ರಕ್ತವೇ ಇಲ್ಲದ ಬರಿಗಾಜಿನ ಮೇಲೂ ಆ ಉಂಗುರ ನಿಂತೇ ಇತ್ತು.

ಹೊರಗಿನಿಂದ ಡ್ರೈವರ್ ಕೂಗಿದ: "ಏನ್ ಸಾ, ಮೈಸೂರಿಗ್ ಒಂಡ್ಲಾ, ಇಲ್ಲ ಆಫ್ ಮಾಡ್ಬುಡ್ಲಾ?"

"ಆಫ್ ಮಾಡಪ್ಪ" ಎಂದೆ. ನಿಯಮ ಮುರಿದು, ಆ ಒಂದೇ ಉಂಗುರದ ಮೇಲೆ ಮಲೇರಿಯಾ ಎಂದು ಬರೆದುಕೊಟ್ಟೆ. ವೈದ್ಯರು ಕ್ವಿನೈನ್ ಕೊಟ್ಟರು.

ಬೆಳಗಿನ ಹೊತ್ತಿಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು. ನಾನು ಆ ಸ್ಲೈಡನ್ನು ಮತ್ತೆ ಇಟ್ಟೆ. ಅದು ಸರಾಗವಾಗಿ ಸರಿಯಿತು. ಲೇಪನದ ಮೂಲೆಮೂಲೆಯನ್ನೂ ಹುಡುಕಿದೆವು. ಉಂಗುರ ಎಲ್ಲಿಯೂ ಇರಲಿಲ್ಲ. ಮರುಪರೀಕ್ಷೆಗೆ ಕಳಿಸಿದಲ್ಲಿಂದಲೂ ರೋಗಾಣು ಇಲ್ಲವೆಂದೇ ಉತ್ತರ ಬಂತು.

ಮೇಲುಕೋಟೆಯ ಸ್ವಾಮಿಯ ಕೃಪೆ ಎಂದ ನಿಂಗೇಗೌಡ. ಸ್ಕ್ರೂ ಜಾರಿದೆ ಎಂದರು ರಿಪೇರಿಯವರು. ಕಣ್ಣಿನ ದಣಿವು ಎಂದರು ವೈದ್ಯರು. ನಾನು ಯಾರನ್ನೂ ಒಪ್ಪಿಲ್ಲ. ಜಾರಿದ ಸ್ಕ್ರೂ ಬರಿಗಾಜಿನ ಮೇಲೆ ಉಂಗುರ ಬಿಡಿಸಲಾರದು. ಮೂವರ ಕಣ್ಣು ಒಂದೇ ಬಗೆಯಲ್ಲಿ ದಣಿಯಲಾರದು. ಇನ್ನು ಸ್ವಾಮಿಗೆ ಕೃಪೆ ತೋರುವ ಮನಸ್ಸಿದ್ದಿದ್ದರೆ ಎರಡನೆಯ ಉಂಗುರವನ್ನೂ ತೋರಿಸಿಬಿಡಬಹುದಿತ್ತು.

ಆಮೇಲೂ ನಾನು ಕಲಿಸಿದ್ದು ಅದೇ ನಿಯಮವನ್ನೇ. ಆದರೆ ಯಾರಾದರೂ "ಒಂದೇ ಕಾಣ್ತಾ ಅದೆ ಸಾ" ಎಂದರೆ, "ಸರಿಸಿ ನೋಡು" ಎಂದು ಹೇಳಿ, ಸರಿಯಿತು ಎಂಬ ಮಾತು ಕಿವಿಗೆ ಬೀಳುವವರೆಗೆ ಉಸಿರು ಹಿಡಿದು ನಿಂತಿರುತ್ತಿದ್ದೆ.