ದೋಣಿಯ ಫೋಟೋ ತೆಗೆದವರು

ಬೆಳಕು ಹರಿಯುವ ಮುಂಚೆ ಭಾನುಮತಿ ಡಿಕಾಕ್ಷನ್ ಇಳಿಸಿದಳು, ಅನ್ನಕ್ಕಿಟ್ಟಳು, ಮಗಳು ಇಂಚರಾಳ ಡಬ್ಬಿಗೆ ಕ್ಯಾರೆಟ್ಟನ್ನು ಹೂವಿನಂತೆ ಕತ್ತರಿಸಿದಳು, ಗಂಡ ಉದಯನ ಡಬ್ಬಿಗೆ ಈರುಳ್ಳಿಯಿಲ್ಲದ ಪಲ್ಯ ಬೇರೆ ಮಾಡಿದಳು, ಬಟ್ಟೆ ಹರವಿದಳು, ಸುಡುವ ಕಸ ಬೇರೆ ಪ್ಲಾಸ್ಟಿಕ್ ಬೇರೆ ಎಂದು ಕಟ್ಟಿ ಕೆಳಗಿಟ್ಟು ಬಂದಳು. ಆಮೇಲೆ ಒಲೆಯ ಪಕ್ಕ ನಿಂತೇ ಭಾಷಣ ಓದಿಕೊಂಡಳು.

ಜಪಾನಿನ ವಾಕೋ ಊರಿನ ಸಮುದಾಯ ಭವನದಲ್ಲಿ ಆ ದಿನ ಹನ್ನೊಂದಕ್ಕೆ ಅವಳ ಮಾತು. ಉದಯ್ ಇಲ್ಲಿನ ಸಂಶೋಧನಾ ಸಂಸ್ಥೆಗೆ ಸೇರುವ ಮುಂಚೆ ಸಂಸಾರ ಎರಡು ವರ್ಷ ಜರ್ಮನಿಯ ಫ್ರೀಡ್ರಿಶ್‌ಸ್ಟಾಟ್ ಎಂಬ ಕಾಲುವೆಗಳ ಊರಿನಲ್ಲಿತ್ತು. ಭವನದ ಮಹಿಳಾ ಬಳಗದ ಮೋರಿ ಸಾನ್ ಒಮ್ಮೆ ಚಹಾ ಕುಡಿಯುತ್ತ ಆ ಊರಿನ ಬಗ್ಗೆ ಕೇಳಿದಾಗ, ಬೇಸಿಗೆಯಲ್ಲಿ ದಿನಾ ದೋಣಿಯಲ್ಲಿ ಸುತ್ತುತ್ತಿದ್ದೆ ಅಂದುಬಿಟ್ಟಿದ್ದಳು; ಆ ಊರಿನ ಬಗ್ಗೆ ಈ ಭಾಷಣ ಗಂಟುಬಿದ್ದದ್ದೇ ಆ ಮಾತಿನಿಂದ. ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಆಗ ಇಂಚರಾ ಕೈಗೂಸು, ಒಗೆದದ್ದು ಒಣಗುತ್ತಿರಲಿಲ್ಲ, ವಾರಾಂತ್ಯಕ್ಕೆ ಉದಯನ ಸಹೋದ್ಯೋಗಿಗಳಿಗೆ ದೋಸೆ. ಅವರು ದೋಣಿವಿಹಾರ ಮುಗಿಸಿ ಬರುವಷ್ಟರಲ್ಲಿ ಕಾವಲಿ ಕಾದಿರಬೇಕಿತ್ತು. ಎರಡು ವರ್ಷ ಇದ್ದ ಊರನ್ನು ನೋಡಿಲ್ಲ ಎನ್ನಲು ನಾಚಿಕೆಯಾಗಿ ಸುಳ್ಳು ಹೇಳಿದ್ದಳು. ಈಗ ಆ ಸುಳ್ಳಿಗೂ ನಾಚಿಕೆ.

ಸ್ಲೈಡುಗಳೆಲ್ಲ ಉದಯನವೇ. 1621ರಲ್ಲಿ ಡ್ಯೂಕ್ ಊರು ಕಟ್ಟಿಸಿದ್ದು, ಧರ್ಮದ ಕಾರಣಕ್ಕೆ ದೇಶ ಬಿಟ್ಟ ಡಚ್ಚರು ಬಂದು ನೆಲೆಸಿದ್ದು, ಮಾರುಕಟ್ಟೆ ಚೌಕದಲ್ಲಿ ಮೆಟ್ಟಿಲಿನಂತೆ ಏರುವ ಮುಖಗೋಡೆಯ ಮನೆಗಳು, ಬಾಗಿಲುಗಳ ಮೇಲೆ ಕೆತ್ತಿದ ಗುರುತುಗಳು.

ಇಲ್ಲಿಯ ಪದ್ಧತಿಯಂತೆ ಕೇಳುಗರ ಪ್ರಶ್ನೆಗಳು ಚೀಟಿಯಲ್ಲಿ ಮೊದಲೇ ಬಂದಿದ್ದವು. ಒಬ್ಬರು ಬರೆದಿದ್ದರು: ‘ಕರಪತ್ರದಲ್ಲಿ ನಿಮ್ಮ ಯಜಮಾನರು ದೋಣಿಯಲ್ಲಿರುವ ಫೋಟೋ ಸೊಗಸಾಗಿದೆ. ತೆಗೆದವರು ನೀವೇ ಅಲ್ಲವೇ? ಆ ದಿನದ ಬಗ್ಗೆ ಹೇಳಿ.’

“ಇದಕ್ಕೇನ್ರೀ ಹೇಳ್ಲಿ?”

ಶೂ ಹಾಕುತ್ತಿದ್ದ ಉದಯ್ ನಕ್ಕ. “ಹೌದು ಅಂದ್ಬಿಡು. ಯಾರು ಚೆಕ್ ಮಾಡ್ತಾರೆ? ಫ್ರೀಯಾಗಿ ಫೋಟೋಗ್ರಾಫರ್ ಆಗ್ತೀಯ!”

“ಆವತ್ತು ನಾನೆಲ್ಲಿದ್ದೆ, ನೆನಪಿದ್ಯಾ?”

“ಮನೇಲೇ ಅನ್ಸತ್ತೆ. ಯಾಕೆ?”

“ದೋಸಾ, ಆಬ್ವಿಯಸ್ಲಿ,” ಎನ್ನುತ್ತ ಇಂಚರಾ ಬ್ಯಾಗ್ ಏರಿಸಿಕೊಂಡು ಹೊರಟಳು.

ಭವನದಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ನೋಟ್‌ಬುಕ್ ತೆರೆದು ಕೂತಿದ್ದರು. ಭಾನುಮತಿ ಇಸವಿಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. ಅವರು ಬರೆದುಕೊಂಡಷ್ಟೂ ಅವಳ ಕಿವಿ ಬಿಸಿಯಾಯಿತು. ಕೊನೆಗೆ ಮೋರಿ ಸಾನ್ ಆ ಚೀಟಿ ಓದಿದರು. ಹೌದು ಎಂದರೆ ಚಪ್ಪಾಳೆ ಬಿದ್ದು ಮುಗಿಯುತ್ತಿತ್ತು. ಅಲ್ಲ ಎಂದರೆ ನಾಳೆ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಸಿಗುವ ಇದೇ ಮುಖಗಳನ್ನು ಎದುರಿಸಬೇಕು, ಎಲ್ಲಕ್ಕಿಂತ ಮೊದಲು ಮೋರಿ ಸಾನ್ ಮುಖವನ್ನು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿ ಅವಳು ಅರೆಬರೆ ಜಪಾನಿಯಲ್ಲೇ ಶುರುಮಾಡಿದಳು. “ಫೋಟೋ ತೆಗೆದವಳು ನಾನಲ್ಲ. ಆ ದೋಣಿ ನಾನು ಹತ್ತೇ ಇಲ್ಲ. ಮೋರಿ ಸಾನ್, ನಿಮಗೆ ಸುಳ್ಳು ಹೇಳಿದ್ದೆ. ಆ ಊರಲ್ಲಿ ನಾನು ನೋಡಿದ್ದು ಅಡುಗೆಮನೆ ಕಿಟಕಿಯಿಂದ ಕಾಣುವಷ್ಟು ನೀರು ಮಾತ್ರ.”