ಪ್ರಶ್ನೆಗೆ ಹೊದಿಸಿದ ಶಾಲು

ನನ್ನ ಬೀರುವಿನಲ್ಲಿ ಒಂದು ಸನ್ಮಾನದ ಶಾಲು ಇದೆ. ನೋಡಿದವರು ನಾನೇನೋ ಸಾಧಿಸಿದ್ದೇನೆಂದು ತಿಳಿಯುತ್ತಾರೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ನಾನು ಹೋಗಿದ್ದು ಒಂದು ಪ್ರಶ್ನೆ ಕೇಳುವುದಕ್ಕೆ.

ಜೋಗುಪಾಳ್ಯದ ನಮ್ಮ ಬೀದಿಯ ನಲ್ಲಿಗಳಲ್ಲಿ ಕೆಲವು ವಾರಗಳಿಂದ ಚರಂಡಿ ವಾಸನೆಯ ನೀರು ಬರುತ್ತಿತ್ತು. ಅದನ್ನು ಕುಡಿದು ಎದುರು ಮನೆಯ ಸೆಲ್ವಿಯಮ್ಮನ ಮೊಮ್ಮಗಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ನಮ್ಮ ಜನಪ್ರತಿನಿಧಿಗಳು ಕುಂದುಕೊರತೆ ಸಭೆ ಕರೆದಾಗ ಬೀದಿಯವರೆಲ್ಲ ನನ್ನನ್ನೇ ಮುಂದೆ ತಳ್ಳಿದರು. ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಕೆದಕಿ ಕೆದಕಿಯೇ ನಿವೃತ್ತನಾದವನು, ಬಾಯಿ ಬಿಡಿಸುವುದು ಗೊತ್ತಿರುತ್ತದೆ ಎಂದು ಅವರ ಎಣಿಕೆ.

ನಾನೂ ಸಿದ್ಧನಾಗಿಯೇ ಹೋಗಿದ್ದೆ. ನಾಯಕರು ಜಾರಿಕೊಳ್ಳುವ ಪಟ್ಟುಗಳಲ್ಲಿ ನಾನು ನೋಡದಿರುವುದು ಯಾವುದು? ಒಬ್ಬರು 'ಪರಿಶೀಲಿಸುತ್ತೇನೆ' ಎನ್ನುತ್ತಾರೆ, ಇನ್ನೊಬ್ಬರು ಹಿಂದಿನ ಸರ್ಕಾರದ ಕಡೆ ಬೆರಳು ತೋರಿಸುತ್ತಾರೆ. ಟಿವಿಯವರ ಮೈಕು ಕಂಡೊಡನೆ ಫೋನನ್ನು ಕಿವಿಗಿಟ್ಟುಕೊಂಡು ಕಾರು ಹತ್ತುವವರೂ ಇದ್ದಾರೆ. ಫೋನು ತಲೆಕೆಳಗಾಗಿದ್ದರೂ ಅವರ ಮಾತು ನಿಲ್ಲುವುದಿಲ್ಲ. ಅರವತ್ತನಾಲ್ಕು ವಿದ್ಯೆಗಳನ್ನು ಪಟ್ಟಿ ಮಾಡಿದ ಹಿರಿಯರು ಇದೊಂದನ್ನು ಏಕೆ ಬಿಟ್ಟರೋ ಕಾಣೆ. ಕೇಳಿದ್ದರೆ ಅವರೂ ಜಾರಿಕೊಳ್ಳುತ್ತಿದ್ದರೇನೋ.

ಸಭೆಯಲ್ಲಿ ಮೈಕು ಹಿಡಿದು ನೇರವಾಗಿಯೇ ಕೇಳಿದೆ: "ಈ ನೀರು ಯಾವಾಗ ಸರಿಹೋಗುತ್ತೆ? ಮಗು ಆಸ್ಪತ್ರೇಲಿದೆ, ಇದಕ್ಕೆ ಯಾರು ಹೊಣೆ?"

ನಮ್ಮ ನಾಯಕರು ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿದರು. "ಎಂಥಾ ಒಳ್ಳೆ ಪ್ರಶ್ನೆ! ಇಂಥ ಹಿರಿಯರು ನಮ್ಮ ಏರಿಯಾದ ಆಸ್ತಿ ಕಣ್ರೀ. ಬನ್ನಿ ಸಾರ್, ಸ್ಟೇಜ್ ಮೇಲೆ ಬನ್ನಿ."

ನೋಡುತ್ತಿದ್ದಂತೆ ತಲೆಗೆ ಮೈಸೂರು ಪೇಟ ಬಂತು, ಹೆಗಲಿಗೆ ಶಾಲು ಬಂತು. ಕೊನೆಗೆ ಎರಡೂ ಕೈಗಳಿಗೆ ಒಂದು ಹಣ್ಣಿನ ಬುಟ್ಟಿ ಬಂತು. ಬುಟ್ಟಿ ಹಿಡಿದವನು ಮೈಕು ಹಿಡಿಯುವುದು ಹೇಗೆ? ಯಾರೋ ಮೈಕನ್ನು ಮೆಲ್ಲನೆ ತೆಗೆದುಕೊಂಡರು. ಫೋಟೋಕ್ಕೆ ನಾನು ನಕ್ಕೆ ಕೂಡ. ನಗು ಇಳಿಯುವಷ್ಟರಲ್ಲಿ ವಂದನಾರ್ಪಣೆ ಮುಗಿದಿತ್ತು.

ಸಿಟ್ಟು ಬರಬೇಕಿತ್ತು, ನಿಜ ಹೇಳುತ್ತೇನೆ, ಬಂದದ್ದು ಬೆರಗು. ಗದರಲಿಲ್ಲ, ಸುಳ್ಳು ಹೇಳಲಿಲ್ಲ, ಪ್ರಶ್ನೆಯನ್ನು ಬೇಡ ಅನ್ನಲೂ ಇಲ್ಲ. ಹೊಗಳಿ, ಶಾಲು ಹೊದಿಸಿ, ಮಲಗಿಸಿಬಿಟ್ಟರು. ದಾರಿಯುದ್ದಕ್ಕೂ 'ಅಬ್ಬಾ' ಅಂದುಕೊಳ್ಳುತ್ತಲೇ ಬಂದೆ.

ನಮ್ಮ ಬೀದಿಯಲ್ಲಿ ಟ್ಯಾಂಕರ್ ನಿಂತಿತ್ತು, ಅದರ ಹಿಂದೆ ಕೊಡಗಳ ಸಾಲು. ಪೇಟ ಇನ್ನೂ ನನ್ನ ತಲೆಯ ಮೇಲಿತ್ತು. ತೆಗೆಯಲು ಮನಸ್ಸೇ ಬಂದಿರಲಿಲ್ಲ. ಸಾಲಿನಲ್ಲಿದ್ದ ಸೆಲ್ವಿಯಮ್ಮ ಓಡಿಬಂದರು. "ಏನಂದ್ರು ಸಾರ್? ನೀರು ಯಾವಾಗ ಸರಿಹೋಗುತ್ತಂತೆ?"

ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಬಾಯಿ ತೆರೆದೆ. "ನಮ್ಮದು ಬಹಳ ಒಳ್ಳೆ ಪ್ರಶ್ನೆ ಅಂದ್ರು" ಎಂದು ಬುಟ್ಟಿಯಿಂದ ಒಂದು ಸೇಬು ತೆಗೆದು ಅವರತ್ತ ಚಾಚಿದೆ. ಚಾಚಿದ ಮೇಲೆ ನಾಚಿಕೆಯಾಯಿತು.

ಸೆಲ್ವಿಯಮ್ಮ ಸೇಬು ಮುಟ್ಟಲಿಲ್ಲ. ನನ್ನ ಪೇಟವನ್ನೂ ಶಾಲನ್ನೂ ಬುಟ್ಟಿಯನ್ನೂ ಒಮ್ಮೆ ನೋಡಿದರು.

"ಮುಂದಿನ ಸಭೆಗೆ ನಾನೇ ಹೋಗ್ತೀನಿ ಸಾರ್. ಅವ್ರು ಬುಟ್ಟಿ ಎತ್ತೋಕ್ ಮುಂಚೆ ನಮ್ಮ ನಲ್ಲಿ ನೀರಿನ ಕೊಡಾನ ಅವ್ರ ಕೈಗೇ ಕೊಟ್ಬಿಡ್ತೀನಿ. ಆಮೇಲೆ ಶಾಲು ಹೆಂಗೆ ಹೊದಿಸ್ತಾರೋ ನೋಡೋಣ."

ನಾನು ಪೇಟ ತೆಗೆದು, ಮನೆಯಿಂದ ಬಿಂದಿಗೆ ತಂದು, ಅವರ ಹಿಂದೆ ನಿಂತೆ. ಅಷ್ಟು ಹೊತ್ತೂ ನಾಯಕರ ಕಡೆಗಿದ್ದ ನನ್ನ ಬೆರಗು ಆಗಲೇ ಪಕ್ಷಾಂತರ ಮಾಡಿತ್ತು.